ಚಕ್ರವಿಲ್ಲದ ದುರ್ಬೀನು

ಬೈನಾಕ್ಯುಲರ್ ರಿಪೇರಿಗೆ ತರುವವರ ಬಾಯಲ್ಲಿ ಒಂದು ದೂರು ಈಚೆಗೆ ಮತ್ತೆ ಮತ್ತೆ ಬರುತ್ತಿದೆ. "ಇದಕ್ಕೆ ತಿರುಗಿಸೋ ಚಕ್ರಾನೇ ಇಲ್ಲ ಸಾರ್. ಹತ್ತಿರದ ಹಕ್ಕಿ ನೋಡಿದ್ರೆ ಎಲ್ಲಾ ಮಂಜುಮಂಜು." ಬಿಚ್ಚಿ ನೋಡಿದರೆ ಒಳಗೆ ಯಾವ ದೋಷವೂ ಇರುವುದಿಲ್ಲ. ಪ್ರಿಸಂ ಜಾಗ ಬಿಟ್ಟು ಕದಲಿಲ್ಲ, ಮಸೂರಕ್ಕೆ ಬೂಷ್ಟು ಹಿಡಿದಿಲ್ಲ. ಅದು ಫೋಕಸ್ ಫ್ರೀ ದುರ್ಬೀನು, ಅದು ಕಾಣಿಸುವುದೇ ಹಾಗೆ. ಮಾರಿದವರು ಈ ಮಾತನ್ನು ಹೇಳಿರುವುದಿಲ್ಲ. ದುಡ್ಡು ಕೊಟ್ಟು ತಂದವರ ಸಪ್ಪೆ ಮುಖ ನೋಡಿದಾಗ ನನಗೂ ಬೇಸರವಾಗುತ್ತದೆ. ದುರ್ಬೀನಿಗೆ ಆ ಚಕ್ರ ಯಾಕೆ ಬಂತು, ಆಮೇಲೆ ಯಾಕೆ ಹೋಯಿತು ಎಂಬ ಕಥೆ ಗೊತ್ತಿದ್ದರೆ, ತಮಗೆ ಯಾವುದು ಹೊಂದುತ್ತದೆ ಎಂದು ಅವರೇ ಆರಿಸಿಕೊಳ್ಳುತ್ತಿದ್ದರು.

ಕಥೆ ಶುರುವಾಗುವುದು ಹಾಲೆಂಡಿನಲ್ಲಿ. ಮಿಡಲ್‌ಬರ್ಗ್ ಊರಿನಲ್ಲಿ ಕನ್ನಡಕ ಮಾಡುತ್ತಿದ್ದ ಹಾನ್ಸ್ ಲಿಪ್ಪರ್‌ಹೇ 1608ರ ಅಕ್ಟೋಬರಿನಲ್ಲಿ ದೂರದರ್ಶಕದ ಪೇಟೆಂಟ್ ಕೇಳಿಕೊಂಡು ಹೇಗ್ ನಗರದ ಸ್ಟೇಟ್ಸ್ ಜನರಲ್ ಎಂಬ ಆಡಳಿತ ಸಭೆಯ ಮುಂದೆ ಹೋದ. ಸಭೆಯವರು ಕೊಳವೆಯನ್ನು ಮೆಚ್ಚಿದರು, ಆದರೆ ಎರಡೂ ಕಣ್ಣಿನಲ್ಲಿ ನೋಡುವಂತೆ ಮಾಡಿಕೊಡು ಎಂದರು. ಎರಡೇ ತಿಂಗಳಲ್ಲಿ ಅವನು ಜೋಡಿ ಕೊಳವೆ ಮಾಡಿ ತಂದ. ಹಣ ಸಿಕ್ಕಿತು, ಪೇಟೆಂಟ್ ಸಿಗಲಿಲ್ಲ. ಈ ವಿದ್ಯೆ ಬೇರೆಯವರಿಗೂ ಗೊತ್ತಿದೆ ಎಂಬುದು ಅಷ್ಟರಲ್ಲಿ ಬಯಲಾಗಿತ್ತು. ಅಂತೂ ದೂರದರ್ಶಕ ಹುಟ್ಟಿದ ವರ್ಷವೇ ಬೈನಾಕ್ಯುಲರ್ ಕೂಡ ಹುಟ್ಟಿತು.

ಹುಟ್ಟಿತಾದರೂ ಬೆಳೆಯಲಿಲ್ಲ. ಎರಡು ಕೊಳವೆಗಳನ್ನು ಒಂದಕ್ಕೊಂದು ಸರಿಯಾಗಿ ಸಮಾನಾಂತರ ಇಡುವುದೇ ಕಷ್ಟ. ಕೂದಲೆಳೆಯಷ್ಟು ಓರೆಯಾದರೂ ಒಂದು ವಸ್ತು ಎರಡಾಗಿ ಕಾಣುತ್ತದೆ, ತಲೆನೋವು ಬರುತ್ತದೆ. ಇವತ್ತಿಗೂ ಕೆಳಗೆ ಬಿದ್ದ ದುರ್ಬೀನು ನನ್ನ ಕೈಗೆ ಬಂದರೆ ಮೊದಲು ನೋಡುವುದು ಇದನ್ನೇ. ಜತೆಗೆ ಇನ್ನೊಂದು ತೊಡಕಿತ್ತು. ದೂರ ಬದಲಾದಾಗಲೆಲ್ಲ ಎರಡೂ ಕೊಳವೆಗಳನ್ನು ಬೇರೆಬೇರೆಯಾಗಿ ಎಳೆದು ಸರಿಮಾಡಬೇಕು. ಅಷ್ಟರಲ್ಲಿ ನೋಡಬೇಕಾದದ್ದು ಹೋಗಿಯೇಬಿಟ್ಟಿರುತ್ತಿತ್ತು.

ಇದಕ್ಕೆ ದಾರಿ ಸಿಕ್ಕಿದ್ದು ನಾಟಕ ನೋಡುವವರಿಗಾಗಿ ಮಾಡಿದ ದುರ್ಬೀನಿನಲ್ಲಿ. 1823ರಲ್ಲಿ ವಿಯೆನ್ನಾದ ಫೋಯ್ಗ್ಟ್‌ಲೆಂಡರ್ ಎರಡು ಪುಟ್ಟ ಕೊಳವೆಗಳನ್ನು ಜೋಡಿಸಿ ಒಪೆರಾ ಗ್ಲಾಸ್ ಮಾಡಿದ. ಎರಡು ವರ್ಷದ ನಂತರ ಪ್ಯಾರಿಸ್ಸಿನ ಲೆಮಿಯೇರ್ ನಡುವೆ ಒಂದು ತಿರುಪು ಇಟ್ಟ. ಒಂದೇ ಬೆರಳಿನಲ್ಲಿ ತಿರುಗಿಸಿದರೆ ಎರಡೂ ಕಡೆ ಒಟ್ಟಿಗೆ ಸರಿದು ಚಿತ್ರ ಸ್ಪಷ್ಟವಾಗುತ್ತಿತ್ತು. ನಮ್ಮ ಫೋಕಸ್ ಚಕ್ರದ ಮೂಲ ಅದೇ. ಆ ಒಪೆರಾ ಗ್ಲಾಸನ್ನೇ ಹಿಗ್ಗಿಸಿ ಫೀಲ್ಡ್ ಗ್ಲಾಸ್ ಮಾಡಿದರು. ಅದು ಕುದುರೆ ರೇಸಿಗೂ ರಣರಂಗಕ್ಕೂ ಹೋಯಿತು. 1889ರಲ್ಲಿ ಅಮೆರಿಕದ ಫ್ಲಾರೆನ್ಸ್ ಮೆರಿಯಮ್ ಎಂಬ ಹೆಣ್ಣುಮಗಳು ಒಪೆರಾ ಗ್ಲಾಸಿನಲ್ಲಿ ಹಕ್ಕಿ ನೋಡುವುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹಕ್ಕಿಯನ್ನು ಗುರುತಿಸಲು ಕೋವಿಯಿಂದ ಹೊಡೆದು ಉರುಳಿಸುವುದೇ ರೂಢಿಯಾಗಿದ್ದ ಕಾಲ ಅದು. ನಾಟಕದ ಗಾಜನ್ನು ಹಿಡಿದು ಜೀವಂತ ಹಕ್ಕಿಯ ಕಡೆಗೆ ತಿರುಗಿಸಿದ ಆ ಕೈಗೆ ನಾನು ಮನಸಾರೆ ಕೈಮುಗಿಯುತ್ತೇನೆ.

ಮುಂದಿನ ದೊಡ್ಡ ಹೆಜ್ಜೆ ಪ್ರಿಸಂನದು. ಇಟಲಿಯ ಇಗ್ನಾಜಿಯೊ ಪೊರ್ರೊ 1854ರಲ್ಲೇ ಅದರ ಪೇಟೆಂಟ್ ಪಡೆದಿದ್ದ. ಆದರೆ ಆ ಕಾಲದ ಗಾಜಿನಲ್ಲಿ ಗುಳ್ಳೆ, ಗೆರೆಗಳಿರುತ್ತಿದ್ದವು. ಯೇನಾ ಪಟ್ಟಣದಲ್ಲಿ ಒಟ್ಟೊ ಶಾಟ್ ಒಳ್ಳೆಯ ಗಾಜು ಕರಗಿಸತೊಡಗಿದ ಮೇಲೆ, 1894ರಲ್ಲಿ, ಕಾರ್ಲ್ ಝೈಸ್ ಕಾರ್ಖಾನೆಯಿಂದ ಅರ್ನ್ಸ್ಟ್ ಆಬೆ ರೂಪಿಸಿದ ಪ್ರಿಸಂ ದುರ್ಬೀನು ಹೊರಬಂತು. ಕೊಳವೆ ಗಿಡ್ಡ, ಹಿಗ್ಗಿಸುವ ಶಕ್ತಿ ಹೆಚ್ಚು, ನೋಟ ಅಗಲ.

ಈಗ ಚಕ್ರ ಹೋದ ಕಥೆ. ನನಗೆ ಹೆಚ್ಚು ಪ್ರೀತಿ ಇರುವುದು ಈ ಭಾಗದ ಮೇಲೆ.

ಚಕ್ರವಿರುವ ಹಳೆಯ ಮಾದರಿಯ ದುರ್ಬೀನಿನಲ್ಲಿ ಕಣ್ಣಿನ ಕಡೆಯ ಎರಡು ಕೊಳವೆಗಳೂ ಒಂದು ಸೇತುವೆಗೆ ಅಂಟಿಕೊಂಡು ಹಿಂದೆ ಮುಂದೆ ಜಾರುತ್ತವೆ. ಹೊರಗೆ ಬಂದಾಗಲೆಲ್ಲ ಒಳಕ್ಕೆ ಗಾಳಿ ಎಳೆದುಕೊಳ್ಳುತ್ತವೆ. ಗಾಳಿಯ ಜತೆ ತೇವ, ತೇವದ ಹಿಂದೆ ಬೂಷ್ಟು. ಹಡಗಿನ ಮೇಲೆ, ಕಂದಕದ ಕೆಸರಿನಲ್ಲಿ ಇದು ನಡೆಯುವುದಿಲ್ಲ. ಸೈನ್ಯದ ದುರ್ಬೀನುಗಳಲ್ಲಿ ಆ ಸೇತುವೆಯೇ ಇರಲಿಲ್ಲ. ಬದಲಿಗೆ ಒಂದೊಂದು ಕಣ್ಣಿನ ಮಸೂರವೂ ತನ್ನ ಬಿಗಿ ತಿರುಪಿನ ಮೇಲೆ ತಾನೇ ತಿರುಗುವಂತೆ ಮಾಡಿದರು. ಸಂದಿಗೆ ಗ್ರೀಸ್ ತುಂಬಿದರೆ ನೀರು ಒಳಗಿಳಿಯದು. ಒಂದು ಸಲ ತಮ್ಮ ಕಣ್ಣಿಗೆ ಹೊಂದಿಸಿಕೊಂಡರೆ ಆಯಿತು. ಹಡಗು, ತೋಪು, ಗುಡ್ಡದ ಮೇಲಿನ ಶತ್ರು ಎಲ್ಲವೂ ದೂರದಲ್ಲೇ ಇರುವುದರಿಂದ ಮತ್ತೆ ಮುಟ್ಟಬೇಕಾಗಿಲ್ಲ. ಇಂದಿನ ಫೋಕಸ್ ಫ್ರೀ ದುರ್ಬೀನಿನ ಅಜ್ಜ ಇದು.

ಮೊದಲ ಮಹಾಯುದ್ಧದಲ್ಲಿ ಜರ್ಮನಿಯ ಗಾಜು ನಿಂತುಹೋಗಿ ಮಿತ್ರರಾಷ್ಟ್ರಗಳು ಕಂಗೆಟ್ಟವು. ಅಮೆರಿಕದ ನೌಕಾಪಡೆ, ಮನೆಯಲ್ಲಿರುವ ದುರ್ಬೀನುಗಳನ್ನು ಎರವಲು ಕೊಡಿ ಎಂದು ನಾಗರಿಕರನ್ನೇ ಬೇಡಿತು. ಆಗ ನೌಕಾ ಇಲಾಖೆಯ ಸಹಾಯಕ ಕಾರ್ಯದರ್ಶಿಯಾಗಿದ್ದ, ಮುಂದೆ ಅಧ್ಯಕ್ಷನಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಹೆಸರಿನಲ್ಲಿ ಮನವಿ ಹೊರಟಿತು. ಸರ್ಕಾರ ಪುಕ್ಕಟೆ ಪಡೆಯುವಂತಿಲ್ಲವಾದ್ದರಿಂದ ಒಂದೊಂದಕ್ಕೂ ಒಂದು ಡಾಲರ್ ಕೊಟ್ಟರು. ಮಾಲೀಕರ ಹೆಸರಿನ ಚೀಟಿ ಕಟ್ಟಿ ಸಾವಿರಾರು ದುರ್ಬೀನುಗಳು ಬಂದವು. ಸಮುದ್ರದ ಮೇಲೆ ಸಬ್‌ಮರೀನ್ ಹುಡುಕಲು ಅವು ಬೇಕಿದ್ದವು.

ಎರಡನೇ ಯುದ್ಧದ ಹೊತ್ತಿಗೆ 7×50 ಎಂಬುದು ನೌಕಾಪಡೆಗಳ ನೆಚ್ಚಿನ ಅಳತೆಯಾಗಿತ್ತು. ಏಳು ಪಟ್ಟು ಹಿಗ್ಗಿಸುತ್ತದೆ, ಮುಂದಿನ ಮಸೂರ 50 ಮಿಲಿಮೀಟರ್. ಐವತ್ತನ್ನು ಏಳರಿಂದ ಭಾಗಿಸಿದರೆ ಏಳು ಚಿಲ್ಲರೆ ಮಿಲಿಮೀಟರ್. ಕತ್ತಲಲ್ಲಿ ಹರೆಯದವರ ಕಣ್ಣಿನ ಪಾಪೆ ಹಿಗ್ಗುವುದೂ ಸುಮಾರು ಅಷ್ಟೇ. ನೋಡುವವನ ಕಣ್ಣನ್ನು ಅಳೆದೇ ಮಾಡಿದ ಸಾಧನ ಅದು.

ಅಂಥದ್ದೊಂದನ್ನು ನಿವೃತ್ತ ನಾವಿಕರೊಬ್ಬರು ನನಗೆ ತಂದುಕೊಟ್ಟಿದ್ದರು. ಕಣ್ಣಿನ ಮಸೂರ ತಿರುಗುತ್ತಿರಲಿಲ್ಲ, ಗ್ರೀಸ್ ಒಣಗಿ ಅರಗಿನ ಹಾಗೆ ಗಟ್ಟಿಯಾಗಿತ್ತು. ಉಂಗುರದ ಸುತ್ತ ಸೊನ್ನೆಯ ಎಡಬಲಕ್ಕೆ ಪ್ಲಸ್ಸು, ಮೈನಸ್ಸು ಅಂಕಿಗಳು. ಎಡಗಣ್ಣಿನದರಲ್ಲಿ ಮೈನಸ್ ಒಂದರ ಪಕ್ಕ, ಬಲಗಣ್ಣಿನದರಲ್ಲಿ ಸೊನ್ನೆಗೆ ಒಂದಿಷ್ಟು ಈಚೆ, ಸೂಜಿಯಿಂದ ಗೀರಿ ಬಿಳಿ ಬಣ್ಣ ತುಂಬಿದ್ದರು. ಬಿಸಿ ಮಾಡಿ ಸಡಿಲಿಸಿ, ಸ್ಪಿರಿಟ್ಟಿನಲ್ಲಿ ಒರೆಸಲು ಹೊರಟಾಗ ತಡೆದರು: "ಆ ಗೀರು ಅಳಿಸಬೇಡ ಕಣಪ್ಪ. ರಾತ್ರಿ ಪಾಳಿಯಲ್ಲಿ ಕೈಯಲ್ಲೇ ಮುಟ್ಟಿ ನೋಡಿ ಹೊಂದಿಸ್ಕೋತಿದ್ದೆ." ಗೀರುಗಳನ್ನು ಉಳಿಸಿಯೇ ಜೋಡಿಸಿ ಕೊಟ್ಟೆ.

ಯುದ್ಧ ಮುಗಿದ ಮೇಲೆ ಇದೇ ಏರ್ಪಾಟು ಸಾಮಾನ್ಯರ ಕೈಗೆ ಬಂತು. ಜರ್ಮನಿಯ ಬೈರಾಯ್ಟ್‌ನಲ್ಲಿ 1947ರಲ್ಲಿ ಶುರುವಾದ ಸ್ಟೈನರ್ ಕಂಪನಿ ಸೈನ್ಯಕ್ಕೂ ದೋಣಿಯವರಿಗೂ ಒಂದೊಂದೇ ಕಣ್ಣಿಗೆ ಹೊಂದಿಸುವ ದುರ್ಬೀನುಗಳನ್ನು ಮಾಡಿ ಹೆಸರು ಪಡೆಯಿತು. ಇನ್ನೊಂದು ಕಡೆ, ಅಗ್ಗದ ಮಾರುಕಟ್ಟೆಗಾಗಿ ಕೆಲವರು ಕಣ್ಣಿನ ಮಸೂರವನ್ನೂ ತಿರುಗದಂತೆ ಬಿಗಿದುಬಿಟ್ಟರು. ಸೇತುವೆ ಇಲ್ಲ, ಚಕ್ರ ಇಲ್ಲ, ಕಣ್ಣಿನ ಅಂಕಿಯೂ ಇಲ್ಲ. ಬಿಡಿಭಾಗ ಕಡಿಮೆಯಾದಷ್ಟೂ ಬೆಲೆ ಇಳಿಯಿತು. ಪೆಟ್ಟಿಗೆಯ ಮೇಲೆ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಮಾತು: ಫೋಕಸ್ ಮಾಡುವ ತಾಪತ್ರಯವಿಲ್ಲ. ಒಳಗಿನ ವಸ್ತು ಮಾತ್ರ ಬೇರೆಬೇರೆ. ನನ್ನನ್ನು ಕೇಳಿ ಬರುವವರಿಗೆ ಮೊದಲು ಹೇಳುವುದು ಇದನ್ನೇ. ಕಣ್ಣಿನ ಎರಡು ಉಂಗುರಗಳೂ ತಿರುಗುತ್ತವೆಯೇ ನೋಡಿ. ತಿರುಗದಿದ್ದರೆ, ನಿಮ್ಮ ಎರಡೂ ಕಣ್ಣಿಗೆ ಕನ್ನಡಕವಿಲ್ಲದೆಯೇ ದೂರದ್ದು ಸ್ಪಷ್ಟವಾಗಿ ಕಾಣುತ್ತಿದ್ದರೆ, ಇಲ್ಲವೇ ಕನ್ನಡಕ ಹಾಕಿಕೊಂಡೇ ನೋಡುವುದಾದರೆ ಮಾತ್ರ ಅದು ನಿಮಗೆ ಸರಿ.

ಚಕ್ರ ತೆಗೆದರೂ ಫೋಕಸ್ ಮಾಡುವ ಕೆಲಸವೇನೂ ಇಲ್ಲವಾಗಲಿಲ್ಲ. ಬೆರಳು ಮಾಡುತ್ತಿದ್ದ ಕೆಲಸ ಕಣ್ಣಿನೊಳಗಿನ ಮಸೂರದ ಪಾಲಿಗೆ ಬಂತು. ಅದಕ್ಕೆಷ್ಟು ಶ್ರಮ ಎಂಬುದಕ್ಕೆ ಒಂದು ಅಂದಾಜು ಲೆಕ್ಕವಿದೆ. ದುರ್ಬೀನು ಎಷ್ಟು ಪಟ್ಟು ಹಿಗ್ಗಿಸುತ್ತದೋ ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿ, ವಸ್ತು ಎಷ್ಟು ಮೀಟರ್ ದೂರವಿದೆಯೋ ಅದರಿಂದ ಭಾಗಿಸಿ; ಬರುವ ಉತ್ತರ ಮಸೂರದ ಶಕ್ತಿಯ ಅಳತೆಯಾದ ಡಯಾಪ್ಟರಿನಲ್ಲಿ. ಏಳರ ದುರ್ಬೀನಿನಲ್ಲಿ 50 ಮೀಟರ್ ಆಚೆಯದನ್ನು ನೋಡಲು ಸುಮಾರು ಒಂದು ಡಯಾಪ್ಟರ್ ಸಾಕು. ಹತ್ತು ಮೀಟರಿಗೆ ಐದು ಬೇಕು. ಹತ್ತರ ದುರ್ಬೀನಾದರೆ ಅದೇ ಹತ್ತು ಮೀಟರಿಗೆ ಹತ್ತು ಡಯಾಪ್ಟರ್! ಇಪ್ಪತ್ತರ ಹರೆಯದ ಕಣ್ಣಿಗೆ ಸುಮಾರು ಹತ್ತರ ತ್ರಾಣ ಇರುತ್ತದೆ. ಚಾಳೀಸು ಬರುವ ವಯಸ್ಸಿಗೆ ಅದು ನಾಲ್ಕರ ಆಸುಪಾಸಿಗೆ ಇಳಿಯುತ್ತದೆ, ಅರವತ್ತಕ್ಕೆ ಒಂದರ ಹತ್ತಿರ. ಇರುವ ತ್ರಾಣವನ್ನೆಲ್ಲ ಬಳಸಿ ಬಹಳ ಹೊತ್ತು ನೋಡಲೂ ಆಗದು, ಹಣೆ ಹಿಂಡುತ್ತದೆ. ಅಪ್ಪ, ಮಗ ಒಂದೇ ದುರ್ಬೀನು ಹಿಡಿದು ನೋಡಿದಾಗ, ಮಗನಿಗೆ ಸ್ಪಷ್ಟ, ಅಪ್ಪನಿಗೆ ಮಂಜು. ಇಬ್ಬರೂ ಹೇಳುವುದು ನಿಜವೇ.

ಇದನ್ನು ನಮ್ಮ ಜಾಗಗಳಿಗೆ ಅನ್ವಯಿಸಿ ನೋಡಿ. ಮೈಸೂರಿನ ರೇಸ್ ಕೋರ್ಸಿನಲ್ಲಿ ಎದುರು ಬದಿಯ ಕುದುರೆ ನೂರಾರು ಮೀಟರ್ ದೂರ. ಚಿನ್ನಸ್ವಾಮಿ ಸ್ಟೇಡಿಯಂನ ಮೇಲಿನ ಸಾಲಿಗೆ ಪಿಚ್ಚು ಕೂಡ ದೂರವೇ. ಕಬಿನಿ ಹಿನ್ನೀರಿನ ಆಚೆ ದಡದಲ್ಲಿ ಮೇಯುವ ಆನೆ ಹಿಂಡು, ಮಲ್ಪೆಯ ಕಡಲಲ್ಲಿ ಸಾಗುವ ದೋಣಿ, ಇಲ್ಲೆಲ್ಲ ಚಕ್ರವಿಲ್ಲದ್ದು ಸೊಗಸು. ಜೀಪು ಅಲುಗುವಾಗ ಬೆರಳು ಚಕ್ರ ಹುಡುಕಬೇಕಿಲ್ಲ, ಎತ್ತಿದೊಡನೆ ಕಾಣುತ್ತದೆ.

ರಂಗನತಿಟ್ಟಿನ ಮಾತು ಬೇರೆ. ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ರಕ್ಷಿತ ತಾಣವಾದ ಆ ನಡುಗಡ್ಡೆಗಳ ಬಳಿ ದೋಣಿ ಹಕ್ಕಿಗಳ ತೀರ ಹತ್ತಿರ ಹೋಗುತ್ತದೆ. ಬಣ್ಣದ ಕೊಕ್ಕರೆ ಮರಿಗೆ ಗುಟುಕು ಕೊಡುವುದು, ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಮಲಗುವುದು, ಎಲ್ಲ ಕೆಲವೇ ಮೀಟರಿನಲ್ಲಿ. ಮನೆಯ ಹಿತ್ತಲಿನ ಸೂರಕ್ಕಿ, ಟುವ್ವಿ ಹಕ್ಕಿ, ಚಿಟ್ಟೆಗಳೂ ಹಾಗೆಯೇ. ಅಲ್ಲಿ ಚಕ್ರವೇ ಬೇಕು. ಹಕ್ಕಿಗಾಗಿಯೇ ಕೊಳ್ಳುವವರಿಗೆ ಫೋಕಸ್ ಫ್ರೀ ಬೇಡವೆಂದು ನೇರವಾಗಿ ಹೇಳುತ್ತೇನೆ. ಮಾರಾಟ ತಪ್ಪಿದರೂ ಚಿಂತೆಯಿಲ್ಲ.

ದೂರದ ನೋಟಕ್ಕೇ ಬೇಕು ಎನ್ನುವವರು ಏಳು ಅಥವಾ ಎಂಟರದ್ದನ್ನು ಆರಿಸಲಿ. ಹನ್ನೆರಡು, ಹದಿನಾರು ಎಂದು ಪೆಟ್ಟಿಗೆಯ ಮೇಲೆ ಬರೆದದ್ದಕ್ಕೆ ಮರುಳಾಗುವುದು ಬೇಡ. ಅಂಗಡಿಯೊಳಗಿನ ಗೋಡೆ ನೋಡಿ ನಿರ್ಧರಿಸದೆ ಬೀದಿಗೆ ಬನ್ನಿ. ಉಂಗುರಗಳನ್ನು ಪೂರ್ತಿ ಪ್ಲಸ್ ಕಡೆಗೆ ತಿರುಗಿಸಿ, ಒಂದು ಕಣ್ಣು ಮುಚ್ಚಿ, ದೂರದ ಬೋರ್ಡಿನ ಅಕ್ಷರ ಸ್ಪಷ್ಟವಾಗುವವರೆಗೆ ಮೆಲ್ಲಗೆ ಮೈನಸ್ಸಿನ ಕಡೆಗೆ ತನ್ನಿ. ಸ್ಪಷ್ಟವಾದ ಕೂಡಲೇ ನಿಲ್ಲಿಸಿ, ಮುಂದಕ್ಕೆ ತಿರುಗಿಸಿದರೆ ಕಣ್ಣು ಸುಮ್ಮಸುಮ್ಮನೆ ದುಡಿಯುತ್ತದೆ. ಇನ್ನೊಂದು ಕಣ್ಣಿಗೂ ಹೀಗೆಯೇ ಮಾಡಿ. ಆಮೇಲೆ ರಸ್ತೆಯ ಆಚೆ ಬದಿಯ ಬೋರ್ಡನ್ನು ಎರಡೂ ಕಣ್ಣಿನಲ್ಲಿ ಎರಡು ಮೂರು ನಿಮಿಷ ಬಿಡದೆ ಓದಿ. ಹಣೆ ಬಿಗಿಯದಿದ್ದರೆ ಕೊಳ್ಳಿ.