ಹೇರೆತ್ತಿನಿಂದ ಲಾರಿಗೆ: ಕಡೂರು-ತರೀಕೆರೆ ಸೀಮೆಯ ಸಾಗಣೆದಾರನ ಖರ್ಚುವೆಚ್ಚ

ವಾಣಿಜ್ಯದ ಇತಿಹಾಸವನ್ನು ಬರೆಯುವಾಗ ಸರಕು, ಸಂತೆ, ಸುಂಕಗಳನ್ನು ಕುರಿತು ವಿವರವಾಗಿ ವಿಚಾರಮಾಡುವುದುಂಟು. ಸರಕನ್ನು ಹೊತ್ತು ತಂದವನ ಕೈಯಲ್ಲಿ ಕೊನೆಗೆ ಉಳಿದುದೆಷ್ಟು ಎಂಬ ಪ್ರಶ್ನೆ ಮಾತ್ರ ವಿರಳ. ಸ್ವಂತ ಎತ್ತು, ಬಂಡಿ ಅಥವಾ ಲಾರಿಯನ್ನು ತಾನೇ ನಡೆಸುವ ಸಾಗಣೆದಾರನ ವೆಚ್ಚದ ಸ್ವರೂಪ ಹೇಗೆ ಬದಲಾಯಿತೆಂಬುದನ್ನು, ಹೆಬ್ಬೆಯ ಗಿರಿಪ್ರದೇಶದಿಂದ ಕಡೂರು, ಅಜ್ಜಂಪುರಗಳ ಬಯಲಿನವರೆಗಿನ ಸೀಮೆಯನ್ನು ಆಧಾರವಾಗಿಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇವೆ.

ಬಾಬಾಬುಡನ್ ಗಿರಿಶ್ರೇಣಿಯ ಮಗ್ಗುಲಲ್ಲಿರುವ ಹೆಬ್ಬೆ ಮಲೆನಾಡಿನ ಅಂಚು; ಅಲ್ಲಿಂದ ಪೂರ್ವಕ್ಕೆ ಬಯಲುಸೀಮೆ. ಮಲೆನಾಡಿನ ಅಡಕೆ, ಏಲಕ್ಕಿ, ಮೆಣಸುಗಳೂ ಬಯಲಿನ ಧಾನ್ಯ, ಬಟ್ಟೆಗಳೂ ಕರಾವಳಿಯ ಉಪ್ಪೂ ಹಿಂದೆ ಬಹುಮಟ್ಟಿಗೆ ಹೇರೆತ್ತುಗಳ ಬೆನ್ನಮೇಲೆಯೇ ಸಾಗುತ್ತಿದ್ದುವು. ಮಧ್ಯಯುಗದ ಶಾಸನಗಳಲ್ಲಿ ಹೆಜ್ಜುಂಕದ ಉಲ್ಲೇಖವೂ ಹೇರಿನ ಲೆಕ್ಕದಲ್ಲಿ ಸುಂಕವನ್ನು ಗೊತ್ತುಮಾಡಿರುವ ನಿದರ್ಶನಗಳೂ ಉಂಟು. ದಾರಿಯ ಸುಂಕವು ಸಾಗಣೆದಾರನಿಗೆ ಹೊಸತಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಆದರೆ ಹೇರಿಕಾರನ ಮುಖ್ಯ ವೆಚ್ಚವಾದ ಮೇವು ಬಹುಪಾಲು ಹಣದ ವೆಚ್ಚವಾಗಿರಲಿಲ್ಲ. ಎತ್ತು ದಾರಿಯ ಪಕ್ಕದಲ್ಲಿಯೂ ಗೋಮಾಳದಲ್ಲಿಯೂ ಕೊಯ್ಲಾದ ಹೊಲದಲ್ಲಿಯೂ ಮೇಯುತ್ತಿತ್ತು. ಹುಲ್ಲುಗಾವಲೇ ಸಾಗಣೆಯ ಆಧಾರವೆಂಬುದನ್ನು ರಾಜ್ಯವೂ ಅರಿತಿತ್ತು. ಚಿಕ್ಕದೇವರಾಜ ಒಡೆಯರ (1672–1704) ಕಾಲದ ಬೆಣ್ಣೆಚಾವಡಿ ಟಿಪ್ಪುವಿನ ಕಾಲದಲ್ಲಿ ಅಮೃತಮಹಲೆಂದು ಹೆಸರಾಗಿ ಸೈನ್ಯದ ಫಿರಂಗಿಗಳನ್ನೂ ಸಾಮಗ್ರಿಗಳನ್ನೂ ಎಳೆಯುವ ಎತ್ತುಗಳನ್ನು ಒದಗಿಸಿತು. ಅವುಗಳಿಗಾಗಿ ಕಾವಲುಗಳನ್ನು ಮೀಸಲಿಡಲಾಯಿತು. ಆ ತಳಿಯ ಸಂವರ್ಧನ ಕೇಂದ್ರವು ಅಜ್ಜಂಪುರದಲ್ಲಿ ಇಂದಿಗೂ ಇದೆ.

ಬೆಂಗಳೂರು-ಹರಿಹರ ರೈಲುಮಾರ್ಗವು 1889ರಲ್ಲಿಯೂ ಬೀರೂರು-ಶಿವಮೊಗ್ಗ ಶಾಖೆಯು 1899ರಲ್ಲಿಯೂ ಪೂರ್ಣವಾದುವು. ಇದರಿಂದ ಬಂಡಿಯವನ ಕಸುಬು ನಾಶವಾಯಿತೆಂದು ಭಾವಿಸುವುದು ಸರಿಯಲ್ಲ. ದೂರದ ಬಾಡಿಗೆ ರೈಲಿಗೆ ಹೋಯಿತು. ತೋಟದಿಂದ ನಿಲ್ದಾಣದವರೆಗಿನ ಬಾಡಿಗೆ ಅವನಿಗೆ ಉಳಿಯಿತು. ಬಂಡಿಯವನು ಅನೇಕ ವೇಳೆ ಬೇಸಾಯಗಾರನೂ ಆಗಿದ್ದನು. ಬಾಡಿಗೆಯಿಲ್ಲದ ದಿನ ಅವನ ಎತ್ತು ನೇಗಿಲಿಗೆ ಹೂಡಲ್ಪಡುತ್ತಿತ್ತು, ಗೊಬ್ಬರವನ್ನೂ ಕೊಡುತ್ತಿತ್ತು. ಅಂದರೆ ಸಾಗಣೆಯ ಸಾಧನವು ನಿಂತ ದಿನವೂ ನಿರುಪಯುಕ್ತವಾಗಿರಲಿಲ್ಲ.

ಲಾರಿಯು ಈ ಸಂಬಂಧವನ್ನು ಕಡಿದುಹಾಕಿತು. 1948ರಲ್ಲಿ ಮೈಸೂರು ಸರ್ಕಾರವು ಪ್ರಯಾಣಿಕರ ಸಾರಿಗೆಗೆ ಇಲಾಖೆಯೊಂದನ್ನು ಸ್ಥಾಪಿಸಿತಾದರೂ ಸರಕಿನ ಸಾಗಣೆ ಬಹುಮಟ್ಟಿಗೆ ಖಾಸಗಿಯವರಲ್ಲಿಯೇ ಉಳಿಯಿತು. ಒಂದೇ ಲಾರಿಯ ಒಡೆಯನ ವೆಚ್ಚಗಳು ಎರಡು ಬಗೆ. ಡೀಸೆಲ್, ಟೈರಿನ ಸವಕಳಿ, ಟೋಲ್, ಕ್ಲೀನರನ ಭತ್ಯೆ ಇವು ಓಡಿದಾಗ ತಗಲುವಂಥವು. ಸಾಲದ ಕಂತು, ವಿಮೆ, ತೆರಿಗೆ, ಪರ್ಮಿಟ್ಟು ಇವು ನಿಂತರೂ ತಪ್ಪದಂಥವು. ಎತ್ತಿಗೆ ಹೋಲುವ ಎರಡನೆಯ ದುಡಿಮೆ ಲಾರಿಗಿಲ್ಲ.

ಒಂದು ಲೆಕ್ಕವನ್ನು ಊಹಿಸಿಕೊಳ್ಳೋಣ. ಲೀಟರಿಗೆ 4 ಕಿಲೋಮೀಟರು ಓಡುವ ಲಾರಿಯು ಹೋಗಿಬರಲು 600 ಕಿಲೋಮೀಟರು ಕ್ರಮಿಸಿದರೆ 150 ಲೀಟರು ಡೀಸೆಲ್ ಬೇಕು. ಬೆಲೆ 2 ರೂಪಾಯಿ ಏರಿದರೆ ಒಂದು ಪಯಣಕ್ಕೆ 300 ರೂಪಾಯಿ ಹೆಚ್ಚು. ಬಾಡಿಗೆ ಅಷ್ಟೇ ಇದ್ದಲ್ಲಿ ಈ ಹಣ ಒಡೆಯನ ಕೂಲಿಯಿಂದಲೇ ಹೋಗಬೇಕು. ಮರಳುವಾಗ ಸರಕು ದೊರೆಯದಿದ್ದರೆ ಹೋಗುವಾಗಿನ ಬಾಡಿಗೆಯೇ ಎರಡೂ ದಾರಿಯ ವೆಚ್ಚವನ್ನು ಹೊರಬೇಕು. ಅಡಕೆಯಿಳಿಸಿ ಉಪ್ಪು ಹೇರಿಕೊಂಡು ಹಿಂದಿರುಗುತ್ತಿದ್ದ ಹೇರಿಕಾರನಿಗೆ ಮರುಹೇರನ್ನು ವ್ಯಾಪಾರದ ಕ್ರಮವೇ ಒದಗಿಸುತ್ತಿತ್ತು. ಇಂದು ಅದು ಹಲವು ವೇಳೆ ದಲ್ಲಾಳಿಯ ಮಾತಿಗೆ ಅಧೀನ.

2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯ ನಿಯಂತ್ರಣ ತೆಗೆಯಲ್ಪಟ್ಟಿತು. 2025ರ ಏಪ್ರಿಲಿನಲ್ಲಿ ರಾಜ್ಯವು ಡೀಸೆಲ್ ಮೇಲಣ ಮಾರಾಟ ತೆರಿಗೆಯನ್ನು ಏರಿಸಿದಾಗ ಕರ್ನಾಟಕದ ಲಾರಿ ಮಾಲೀಕರು ಮುಷ್ಕರ ಹೂಡಿದರು. ಟೋಲಿನ ಹೊರೆಯೂ ಅವರ ದೂರುಗಳಲ್ಲೊಂದಾಗಿತ್ತು. ಇದನ್ನು ಕೇವಲ ಬೆಲೆಯೇರಿಕೆಯ ವಿರೋಧವೆಂದು ಎಣಿಸಿದರೆ ಅದರ ಚಾರಿತ್ರಿಕ ಅರ್ಥ ತಪ್ಪಿಹೋಗುತ್ತದೆ. ಹುಲ್ಲುಗಾವಲಿನಲ್ಲಿ ಪೂರೈಸುತ್ತಿದ್ದ ವೆಚ್ಚವು ನಗದಿನ ವೆಚ್ಚವಾಯಿತು. ವೆಚ್ಚವನ್ನೂ ಬಾಡಿಗೆಯನ್ನೂ ಗೊತ್ತುಮಾಡುವವರು ಬೇರೆಯವರಾದರು. ಒಡೆಯನೆಂಬ ಹೆಸರು ಉಳಿದು ಒಡೆತನದ ಸ್ವಾತಂತ್ರ್ಯ ಕುಗ್ಗಿತು. ಸಾಗಣೆಯ ಚರಿತ್ರೆಯನ್ನು ರಸ್ತೆಯ ಉದ್ದದಿಂದಷ್ಟೇ ಅಲ್ಲದೆ, ವಾಹನ ನಿಂತ ದಿನದ ಲೆಕ್ಕದಿಂದಲೂ ಅಳೆಯಬೇಕೆಂಬುದು ನಮ್ಮ ಅಭಿಪ್ರಾಯ.