ಹೊಕ್ಕುಳಬಳ್ಳಿಯೂ ಬಿಳಿಯ ರಕ್ತಕಣವೂ

ಕೂಸು ಹುಟ್ಟಿದ ಒಂದೆರಡು ವಾರಗಳಲ್ಲಿ ಹೊಕ್ಕುಳಬಳ್ಳಿಯ ತುಂಡು ಒಣಗಿ ಬಿದ್ದುಹೋಗುವುದು ಎಲ್ಲರೂ ಬಲ್ಲ ಸಂಗತಿ. ಅದು ಬೀಳುವುದರಲ್ಲಿ ಬಿಳಿಯ ರಕ್ತಕಣಗಳ ಕೈವಾಡವೂ ಉಂಟೆಂಬುದನ್ನು ವೈದ್ಯಶಾಸ್ತ್ರವು ಬಹಳ ತಡವಾಗಿ, ಅದೂ ಕೆಲವು ನತದೃಷ್ಟ ಶಿಶುಗಳ ದೆಸೆಯಿಂದ, ಅರಿತುಕೊಂಡಿತು.

ಈ ಕಣಗಳ ಚರಿತ್ರೆ ಮೊದಲಾಗುವುದು ಕಪ್ಪೆಯಿಂದ. 1867ರಲ್ಲಿ ಜರ್ಮನಿಯ ಕೋನ್‌ಹೈಮನು ಕಪ್ಪೆಯ ಕರುಳಿನ ತೆಳುಪೊರೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಲು, ಉರಿಯೂತವೆದ್ದ ಎಡೆಯಲ್ಲಿ ಬಿಳಿಯ ಕಣಗಳು ಸಿರೆಯ ಒಳಗೋಡೆಗೆ ಸಾಲಾಗಿ ಅಂಟಿ, ಮೆಲ್ಲನೆ ನುಸುಳಿ ಹೊರಬೀಳುವುದು ಕಂಡಿತು. ದ್ಯುತ್ರೋಶೆಯು 1824ರಲ್ಲಿಯೂ ವಾಲರನು 1846ರಲ್ಲಿಯೂ ಇದನ್ನು ಕಂಡಿದ್ದರು. ಕೀರ್ತಿ ಮಾತ್ರ ಕೋನ್‌ಹೈಮನಿಗೆ ಸಂದಿತು. ಅಂಟುವುದಕ್ಕೆ ಕಾರಣವು ಗೋಡೆಯೋ ಕಣವೋ? ಗೋಡೆಯೇ ಎಂದು ಆತನ ಮತ. ಮೆಚ್ನಿಕಾಫನಾದರೋ 1882ರಲ್ಲಿ ಮೆಸ್ಸೀನಾದಲ್ಲಿ ರಕ್ತನಾಳಗಳೇ ಇಲ್ಲದ ನಕ್ಷತ್ರಮೀನಿನ ಮರಿಗೆ ಮುಳ್ಳು ಚುಚ್ಚಿ, ಅಲ್ಲಿಯೂ ಕಣಗಳು ಮುಳ್ಳನ್ನು ಮುತ್ತುವುದನ್ನು ಕಂಡು ಕಣದ ಪಕ್ಷವನ್ನು ಹಿಡಿದನು.

ಕಣದ ಪಾತ್ರಕ್ಕೆ ನಿಶ್ಚಿತವಾದ ಪ್ರಮಾಣವು ದೊರೆತುದು ಶಿಶುಗಳಿಂದ. ಹೊಕ್ಕುಳಬಳ್ಳಿ ಸಕಾಲದಲ್ಲಿ ಬೀಳದೆ, ಮೇಲಿಂದ ಮೇಲೆ ಸೋಂಕಿಗೆ ತುತ್ತಾದ ಮಕ್ಕಳ ವೃತ್ತಾಂತವು 1979ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ರೋಗದಲ್ಲಿ ರಕ್ತದೊಳಗೆ ಬಿಳಿಯ ಕಣಗಳು ತುಂಬಿ ತುಳುಕುತ್ತವೆ; ಹುಣ್ಣಿನಲ್ಲಿ ಕೀವೇ ಇಲ್ಲ. ಸೈನ್ಯವಿದ್ದೂ ಕೋಟೆಯ ಬಾಗಿಲು ದಾಟಲಾರದ ಸ್ಥಿತಿ. ಇಂಥ ಬಾಲಕನೊಬ್ಬನ ಕಣಗಳಲ್ಲಿ ಒಂದು ಪ್ರೋಟೀನೇ ಇಲ್ಲವೆಂದು 1980ರಲ್ಲಿ ತಿಳಿಯಬಂದಿತು. 1987ರಲ್ಲಿ ದೋಷದ ಮೂಲವು ಸಿ.ಡಿ. 18 ಎಂಬ ಘಟಕದಲ್ಲಿರುವುದು ಸಿದ್ಧವಾಯಿತು. ಗೋಡೆಗೂ ತನ್ನದೇ ಅಂಟುಗಳುಂಟು. ಆದುದರಿಂದ ಕೋನ್‌ಹೈಮನು ಪೂರ್ತಿಯಾಗಿ ಸೋತನೆನ್ನಲಾಗದು.

ಇದು ಅಪರೂಪದ ರೋಗ. ಆದರೆ ಆರೋಗ್ಯವಂತ ಕೂಸಿನಲ್ಲಿಯೂ ಇದರ ನಸುನೆರಳುಂಟು. ಕಣವನ್ನು ಮೊದಲು ಗೋಡೆಯ ಮೇಲೆ ಉರುಳಿಸುವುದು ಸೆಲೆಕ್ಟಿನ್. ಬಳಿಕ ಬಿಗಿಯಾಗಿ ನಿಲ್ಲಿಸುವುದು ಇಂಟೆಗ್ರಿನ್. ನವಜಾತ ಶಿಶುವಿನ ಕಣಗಳ ಮೈಮೇಲೆ ಎಲ್-ಸೆಲೆಕ್ಟಿನ್ ವಯಸ್ಕರಲ್ಲಿರುವುದಕ್ಕಿಂತ ಕಡಮೆ. ಮ್ಯಾಕ್-1 ಎಂಬ ಇಂಟೆಗ್ರಿನ್ನಿನ ಸಂಚಯವೂ ಕಡಮೆಯೇ. ಸೋಂಕಿನ ಸುಳಿವು ಸಿಕ್ಕಾಗ ಅದು ದೊಡ್ಡವರಲ್ಲಿ ಹೊರಚಿಮ್ಮುವಷ್ಟು ಇಲ್ಲಿ ಚಿಮ್ಮದು. ದಿನ ತುಂಬುವ ಮೊದಲೇ ಹುಟ್ಟಿದ ಶಿಶುವಿನಲ್ಲಿ ಕೊರತೆ ಇನ್ನೂ ಹೆಚ್ಚು; ರಕ್ತದ ನಂಜಿಗೆ ಅದು ಬೇಗ ಈಡಾಗುವುದಕ್ಕೆ ಇದೂ ಒಂದು ಕಾರಣ. ಆದರೂ ಇದನ್ನು ‘ದೋಷ’ವೆನ್ನುವುದು ದುಡುಕೆಂದು ನನಗೆ ತೋರುತ್ತದೆ. ವಯಸ್ಕನನ್ನೇ ಅಳತೆಗೋಲಾಗಿ ಹಿಡಿದರೆ ಎಳೆತನವೆಲ್ಲವೂ ಕೊರತೆಯಾಗಿಯೇ ಕಂಡೀತು. ಅಲ್ಲದೆ ಈ ಹೋಲಿಕೆಗೆ ಬೇಕಾದ ರಕ್ತವನ್ನು ಬಹುಮಟ್ಟಿಗೆ ತೆಗೆಯುವುದು ಹೊಕ್ಕುಳಬಳ್ಳಿಯಿಂದ. ಆ ರಕ್ತದಲ್ಲಿ ಹೆರಿಗೆಯ ಬಳಲಿಕೆಯ ಗುರುತೂ ಬೆರೆತಿರುತ್ತದೆ; ಮೂರನೆಯ ದಿನದ ಕೂಸಿನ ರಕ್ತಕ್ಕೆ ಅದನ್ನು ಸಮವೆಂದು ಎಣಿಸಲಾಗದು.