ಒಂದು ಕಪ್ ಪಾಸ್ತಾ ಎಂದರೆ ಎಷ್ಟು ಗ್ರಾಂ? ಅಳತೆ ತಪ್ಪಿದರೆ ಬೇಕ್ಡ್ ಮ್ಯಾಕರೋನಿ ಒಣಗುತ್ತೆ!

ಅಹಮದಾಬಾದ್, ವಡೋದರಾ, ಸೂರತ್‌ನ ಗುಜರಾತಿ ಮನೆಗಳಲ್ಲಿ ನೆಂಟರಿಗೆ ಢೋಕ್ಲಾ, ಹಾಂಡ್ವೋ ಮಾತ್ರವಲ್ಲ, ಅನಾನಸ್ ತುಂಡು, ವೈಟ್ ಸಾಸ್, ಚೀಸ್ ಹಾಕಿದ ಬೇಕ್ಡ್ ಮ್ಯಾಕರೋನಿ ಕೂಡ ಮಾಡುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರು ಪಕ್ಕದ ಮನೆಯವರ ಬಳಿ ಅಳತೆ ಕೇಳಿದರೆ 'ಎರಡು ವಾಟಕಿ' ಎನ್ನಬಹುದು. ವಾಟಕಿ ಎಂದರೆ ಬಟ್ಟಲು. ನಮ್ಮ ಪಾವಿನಂತೆ ಇದೂ ಗಾತ್ರದ ಅಳತೆಯೇ, ಆದರೆ ಮನೆಯಿಂದ ಮನೆಗೆ ಬದಲಾಗುತ್ತದೆ. ಅಂಗಡಿಯ ಪ್ಯಾಕೆಟ್ ಮೇಲಿರುವುದು ಗ್ರಾಂ ಲೆಕ್ಕ.

ಅಕ್ಕಿ, ರವೆಗಿಂತ ಪಾಸ್ತಾದಲ್ಲಿ ಈ ಗೊಂದಲ ಹೆಚ್ಚು. ಕಾರಣ, ತುಂಡುಗಳ ನಡುವಿನ ಖಾಲಿ ಜಾಗ. ಗಿಡ್ಡಗೆ ಬಾಗಿದ ಎಲ್ಬೋ ಮ್ಯಾಕರೋನಿ ಒತ್ತಾಗಿ ಕೂರುತ್ತದೆ, ಕೊಳವೆಯಂತಹ ಪೆನ್ನೆ ಕೂರುವುದಿಲ್ಲ. ಅಮೆರಿಕದ ಅಳತೆಯ ಒಂದು ಕಪ್ (ಸುಮಾರು 237 ಮಿ.ಲೀ.) ಒಣ ಮ್ಯಾಕರೋನಿ 110 ಗ್ರಾಂ ಆಸುಪಾಸು ತೂಗಿದರೆ, ಪೆನ್ನೆ ಸುಮಾರು 85 ಗ್ರಾಂ. ಚಿಟ್ಟೆಯಾಕಾರದ ಫರ್ಫಾಲೆ ಇನ್ನೂ ಕಡಿಮೆ, 75 ಗ್ರಾಂ ಇರಬಹುದು.

ವ್ಯತ್ಯಾಸ ಸಣ್ಣದಲ್ಲವೇ ಎನ್ನಬೇಡಿ. ರೆಸಿಪಿಯಲ್ಲಿ ನಾಲ್ಕು ಕಪ್ ಪೆನ್ನೆ ಇದ್ದು, ನೀವು ನಾಲ್ಕು ಕಪ್ ಮ್ಯಾಕರೋನಿ ಹಾಕಿದರೆ 100 ಗ್ರಾಂ ಹೆಚ್ಚೇ ಬೀಳುತ್ತದೆ. ಓವನ್‌ನಲ್ಲಿ ಅದು ಸಾಸ್ ಹೀರಿಕೊಂಡು ಗಟ್ಟಿ ಇಟ್ಟಿಗೆಯಂತಾಗುತ್ತದೆ. ಹತ್ತು ಜನ ತಟ್ಟೆ ಹಿಡಿದು ಕೂತಿರುವಾಗ ಸರಿಪಡಿಸಲು ಸಮಯವಿರುವುದಿಲ್ಲ.

ಕಪ್ಪೂ ಒಂದೇ ಅಲ್ಲ. ನಮ್ಮಲ್ಲಿ ಸಿಗುವ ಅಳತೆ ಕಪ್‌ಗಳು 240 ಅಥವಾ 250 ಮಿ.ಲೀ., ಜಪಾನಿನ ರೈಸ್ ಕುಕ್ಕರ್ ಕಪ್ 180 ಮಿ.ಲೀ.

ತಕ್ಕಡಿ ಇಲ್ಲದಿದ್ದರೆ ಏನು ಮಾಡುವುದು? ಸುಲಭದ ದಾರಿಯಿದೆ. 500 ಗ್ರಾಂ ಪ್ಯಾಕೆಟ್ ಒಡೆದು ನಿಮ್ಮ ಬಟ್ಟಲಿನಲ್ಲೇ ಅಳೆಯಿರಿ. ಏಳು ಬಟ್ಟಲು ಬಂದರೆ ಒಂದಕ್ಕೆ ಸುಮಾರು 70 ಗ್ರಾಂ. ಡಬ್ಬದ ಮೇಲೆ ಬರೆದಿಟ್ಟುಕೊಂಡರೆ ಮುಂದಿನ ಸಲ ಎಣಿಸಬೇಕಿಲ್ಲ. ಬೇರೆ ಆಕಾರದ ಪಾಸ್ತಾ ತಂದರೆ ಮಾತ್ರ ಮತ್ತೆ ಅಳೆಯಬೇಕು. ಬಟ್ಟಲನ್ನು ಒಮ್ಮೆ ಮೆಲ್ಲಗೆ ಅಲ್ಲಾಡಿಸಿ, ಆದರೆ ಒತ್ತಿ ತುಂಬಬೇಡಿ.

ಇನ್ನೊಂದು ಕಡೆ ಹಲವರು ಎಡವುತ್ತಾರೆ: 'ಎರಡು ಕಪ್ ಬೇಯಿಸಿದ ಮ್ಯಾಕರೋನಿ' ಎಂದಿದ್ದರೆ ಒಣ ಮ್ಯಾಕರೋನಿ ಒಂದು ಕಪ್ ಸಾಕು. ಬೆಂದ ಮೇಲೆ ಗಾತ್ರ, ತೂಕ ಎರಡೂ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತವೆ. 100 ಗ್ರಾಂ ಹಾಕಿದರೆ 200 ಗ್ರಾಂಗಿಂತ ತುಸು ಹೆಚ್ಚೇ ಸಿಗುತ್ತದೆ. ಬೇರೆ ತಿನಿಸುಗಳೂ ಇರುವ ಊಟಕ್ಕೆ ತಲಾ 50 ಗ್ರಾಂ ಒಣ ಪಾಸ್ತಾ ಹಿಡಿಯಿರಿ, ಹತ್ತು ಜನರಿಗೆ ಒಂದು ಅರ್ಧ ಕೆಜಿ ಪ್ಯಾಕೆಟ್. ಪಾಸ್ತಾ ಒಂದೇ ಊಟವಾದರೆ 80ರಿಂದ 100 ಗ್ರಾಂ ಬೇಕು.

ಸ್ಪಗೆಟ್ಟಿಗೆ ಕಪ್ ಲೆಕ್ಕ ನಡೆಯುವುದಿಲ್ಲ. ಕಡ್ಡಿಗಳನ್ನು ಮುಷ್ಟಿಯಲ್ಲಿ ಹಿಡಿದು ಕಟ್ಟಿನ ಅಗಲ ನೋಡಿ ಅಂದಾಜು ಮಾಡಬೇಕು.